ಪರಿಷ್ಕರಣ, ಪುನರುಕ್ತಿ ಮತ್ತು ಅನನ್ಯತೆ: ಸ್ಥಳನಾಮ ದತ್ತಸಂಚಯಗಳ ಒಂದು ಸಮಸ್ಯೆ

1. ಪೀಠಿಕೆ

ಸ್ಥಳನಾಮ, ಉಪಭಾಷೆ, ಶಾಸನ, ಹಸ್ತಪ್ರತಿ ಮೊದಲಾದ ಕ್ಷೇತ್ರಗಳಲ್ಲಿ ದುಡಿದ ಕನ್ನಡ ವಿದ್ವಾಂಸರು ತಮ್ಮ ಸಾಮಗ್ರಿಯನ್ನು ಬಹುಕಾಲ ಚೀಟಿಗಳಲ್ಲಿ ಬರೆದಿಟ್ಟುಕೊಂಡು ಅಕಾರಾದಿಯಾಗಿ ಜೋಡಿಸುತ್ತಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ಇಂತಹ ಚೀಟಿಗಳ ಮೇಲೆಯೇ ನಿಂತಿದೆ. ಚೀಟಿಗೆ ಒಂದು ಗುಣವಿತ್ತು. ಅದರಲ್ಲಿ ತಿದ್ದುಪಡಿ ಮಾಡಬೇಕಾದಾಗ ಸಂಪಾದಕರು ಹಳೆಯ ರೂಪದ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸ ರೂಪವನ್ನು ಬರೆಯುತ್ತಿದ್ದರು. ಹೊಡೆದು ಹಾಕಿದ ರೂಪವೂ ಓದಲು ಸಿಗುತ್ತಿತ್ತು. ಹಾಗಾಗಿ ತಿದ್ದಿದವರ ನಿರ್ಣಯವನ್ನು ಮುಂದಿನ ಓದುಗ ಪರೀಕ್ಷಿಸುವುದು ಸಾಧ್ಯವಿತ್ತು.

ಇಂದು ಚೀಟಿಯ ಸ್ಥಾನವನ್ನು ಗಣಕದ ದತ್ತಸಂಚಯ ಪಡೆದುಕೊಂಡಿದೆ. ಒಂದು ಚೀಟಿ ಈಗ ಕೋಷ್ಟಕದ ಒಂದು ಸಾಲು. ಒಂದೇ ಆಜ್ಞೆಯಿಂದ ಸಾವಿರಾರು ಸಾಲುಗಳನ್ನು ಏಕಕಾಲದಲ್ಲಿ ತಿದ್ದಬಹುದು. ಆದರೆ ವಿಶೇಷ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ಈ ತಿದ್ದುಪಡಿಯಲ್ಲಿ ಗೆರೆ ಹೊಡೆದ ಹಳೆಯ ರೂಪ ಉಳಿಯುವುದಿಲ್ಲ. ತಿದ್ದಿದ ಬಳಿಕ ಸಂಶೋಧಕನಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ‘ಈ ಆಜ್ಞೆಯಿಂದ ಯಾವ ಯಾವ ಸ್ಥಳಗಳು ಬದಲಾದವು? ಪುನರುಕ್ತಿಯಿಲ್ಲದ ಪಟ್ಟಿಯೊಂದು ಬೇಕು.’ ಯಂತ್ರವು ಬದಲಾದ ಪ್ರತಿ ಸಾಲನ್ನೂ ಹಿಂತಿರುಗಿಸುತ್ತದೆ. ಸಂಶೋಧಕನಿಗೆ ಬೇಕಾದುದು ಅನನ್ಯವಾದ ಸಾಲುಗಳು ಮಾತ್ರ.

ಇದು ಮೇಲುನೋಟಕ್ಕೆ ತಾಂತ್ರಿಕ ಪ್ರಶ್ನೆ. ಆದರೆ ಎರಡು ಸಾಲುಗಳನ್ನು ‘ಒಂದೇ’ ಎಂದು ಹೇಳುವ ಅಧಿಕಾರ ಯಾರದು, ಅದಕ್ಕೆ ಆಧಾರವೇನು ಎಂಬ ಪ್ರಶ್ನೆ ಅದರ ಒಳಗಿದೆ. ಕನ್ನಡ ಗ್ರಂಥಸಂಪಾದನೆಗೆ ಇದು ಹೊಸ ಪ್ರಶ್ನೆಯಲ್ಲ. ಸುಳ್ಯ ತಾಲೂಕಿನ ಮರ್ಕಂಜ ಎಂಬ ಗ್ರಾಮನಾಮವನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮರ್ಕಂಜವನ್ನೇ ಆರಿಸಿಕೊಳ್ಳಲು ಕಾರಣ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ಪ್ರದೇಶದ ಗ್ರಾಮಗಳು ಬಯಲುಸೀಮೆಯ ಊರುಗಳಂತೆ ಒಂದೆಡೆ ಗುಂಪಾಗಿ ಕಟ್ಟಿದ ಮನೆಗಳ ಸಮೂಹಗಳಲ್ಲ. ಇಲ್ಲಿ ಪ್ರತಿ ಮನೆಯೂ ತನ್ನ ತೋಟ, ಗದ್ದೆ, ಗುಡ್ಡಗಳ ನಡುವೆ ಬೇರೆಯಾಗಿ ನಿಂತಿರುತ್ತದೆ. ಆದ್ದರಿಂದ ಪ್ರತಿ ನೆಲೆಗೂ ಒಂದು ಹೆಸರಿದೆ. ಆ ಹೆಸರೇ ಮನೆಯ ಹೆಸರು, ಅನೇಕ ವೇಳೆ ಕುಟುಂಬದ ಹೆಸರು ಕೂಡ. ವ್ಯಕ್ತಿಯನ್ನು ಗುರುತಿಸುವಾಗ ಮನೆಯ ಹೆಸರು ಮೊದಲು ಬಂದು, ವ್ಯಕ್ತಿನಾಮ ಅನಂತರ ಬರುವುದು ಇಲ್ಲಿನ ರೂಢಿ. ಒಂದು ನೆಲೆಗೆ ಸೇರಿದ ಜಮೀನು ಹಲವು ಸರ್ವೆ ನಂಬರುಗಳಲ್ಲಿ ಹರಡಿರುವುದೂ ಸಾಮಾನ್ಯ. ಹಳೆಯ ವರ್ಗ ಪದ್ಧತಿ ಮತ್ತು ವರ್ಗ ಭೂಮಿಗೆ ಹೊಂದಿಕೊಂಡ ಸರಕಾರಿ ಜಮೀನಿನಲ್ಲಿ ಸೊಪ್ಪು, ಸೌದೆಗಳಿಗಾಗಿ ಇರುವ ಕುಮ್ಕಿ ಸೌಲಭ್ಯ ಈ ಹರಹನ್ನು ಇನ್ನಷ್ಟು ಜಟಿಲಗೊಳಿಸಿವೆ. ಹೀಗಾಗಿ ಯಾವುದೇ ಕೋಷ್ಟಕದಲ್ಲಿ ಇಲ್ಲಿನ ಒಂದು ನೆಲೆಯ ಹೆಸರು ಹಲವು ಸಾಲುಗಳಲ್ಲಿ ಮರುಕಳಿಸುವುದು ಅನಿವಾರ್ಯ. ಅದು ದೋಷವಲ್ಲ, ನೆಲದ ಸ್ವರೂಪ.

ಎರಡನೆಯದಾಗಿ, ಈ ಪ್ರದೇಶ ಬಹುಭಾಷಿಕವಾದುದು. ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ ಭಾಷೆಗಳನ್ನು ಆಡುವವರು ಒಂದೇ ಗ್ರಾಮದಲ್ಲಿ ನೆರೆಹೊರೆಯವರಾಗಿರುವುದುಂಟು. ಒಂದೇ ನೆಲೆಯ ಹೆಸರನ್ನು ಅವರು ಬೇರೆ ಬೇರೆಯಾಗಿ ಉಚ್ಚರಿಸುತ್ತಾರೆ. ದಾಖಲೆಗೆ ಇಳಿಯುವಾಗ ಇವೆಲ್ಲವೂ ಕನ್ನಡ ಲಿಪಿಯಲ್ಲಿ ಬರೆಯಲ್ಪಡುತ್ತವೆ. 1956ರವರೆಗೆ ಈ ಪ್ರದೇಶ ಮದರಾಸಿನ ಆಡಳಿತದಲ್ಲಿತ್ತು. ಸುಳ್ಯ ಹಿಂದೆ ಪುತ್ತೂರು ತಾಲೂಕಿನ ಭಾಗವಾಗಿತ್ತು. ಮುಂದೆ ಕಡಬ ಪ್ರತ್ಯೇಕ ತಾಲೂಕಾಯಿತು. ಆಡಳಿತ ಘಟಕಗಳು ಬದಲಾದಾಗಲೆಲ್ಲ ಹೆಸರುಗಳು ಹೊಸದಾಗಿ ನಕಲಾಗಿವೆ. ಪ್ರತಿ ನಕಲೂ ಒಂದು ಪಾಠಾಂತರಕ್ಕೆ ಅವಕಾಶ.

ಮೂರನೆಯ ಕಾರಣ ಗ್ರಾಮದ ಹೆಸರಿನಲ್ಲಿಯೇ ಇದೆ. ‘ಮರ್ಕಂಜ’ ಎಂಬ ಪದದಲ್ಲಿ ಅರ್ಕಾವೊತ್ತು ಮತ್ತು ಅನುಸ್ವಾರ ಎರಡೂ ಇವೆ. ಕನ್ನಡ ಬರವಣಿಗೆಯಲ್ಲಿ ಒಂದೇ ಉಚ್ಚಾರಣೆಯನ್ನು ಒಂದಕ್ಕಿಂತ ಹೆಚ್ಚು ವಿಧದಲ್ಲಿ ಬರೆಯಲು ಅವಕಾಶವಿರುವ ಎರಡು ಸ್ಥಾನಗಳಿವು.

3. ಗಣಿತದ ಗಣ ಮತ್ತು ಗಣಕದ ಕೋಷ್ಟಕ

ಇಂದು ಬಳಕೆಯಲ್ಲಿರುವ ಬಹುಪಾಲು ದತ್ತಸಂಚಯಗಳ ತಾತ್ತ್ವಿಕ ತಳಹದಿ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಮಾದರಿ. ಆ ಮಾದರಿಯಲ್ಲಿ ಕೋಷ್ಟಕವೆಂದರೆ ಗಣಿತದ ಅರ್ಥದಲ್ಲಿ ಒಂದು ಗಣ. ಗಣದಲ್ಲಿ ಒಂದು ಅಂಶ ಎರಡು ಬಾರಿ ಇರಲಾರದು. ಆದರೆ 1974ರಲ್ಲಿ ಐಬಿಎಂ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಪ್ರಕಟಿಸಿದ, ಮುಂದೆ ಎಸ್‌ಕ್ಯೂಎಲ್ ಎಂದು ಹೆಸರಾದ ಪ್ರಶ್ನಭಾಷೆ ಈ ನಿಯಮವನ್ನು ಸಡಿಲಿಸಿತು. ಅದರ ಕೋಷ್ಟಕಗಳಲ್ಲಿ ಪುನರುಕ್ತಿಗೆ ಎಡೆಯುಂಟು. ಪುನರುಕ್ತಿ ಬೇಡವೆಂದಾಗ ಬಳಕೆದಾರನೇ ‘ಡಿಸ್ಟಿಂಕ್ಟ್’ ಎಂಬ ಪದವನ್ನು ಸೇರಿಸಿ ಕೇಳಬೇಕು. ಅಂದರೆ ಅನನ್ಯತೆ ಇಲ್ಲಿ ಸ್ವಯಂಸಿದ್ಧವಲ್ಲ, ಕೇಳಿ ಪಡೆಯಬೇಕಾದುದು.

ಓದುವ ಪ್ರಶ್ನೆಗಳಲ್ಲಿ ಈ ಪದವನ್ನು ನೇರವಾಗಿ ಸೇರಿಸಬಹುದು. ತಿದ್ದುವ ಆಜ್ಞೆಯಲ್ಲಿ, ಅಂದರೆ ‘ಅಪ್‌ಡೇಟ್’ನಲ್ಲಿ, ಹಾಗೆ ಮಾಡಲಾಗದು. ಪೋಸ್ಟ್‌ಗ್ರೆಸ್ ಎಂಬ ಮುಕ್ತ ತಂತ್ರಾಂಶದಲ್ಲಿ 2006ರ 8.2ನೆಯ ಆವೃತ್ತಿಯಿಂದ ತಿದ್ದುವ ಆಜ್ಞೆಯ ಕೊನೆಗೆ ‘ರಿಟರ್ನಿಂಗ್’ ಎಂದು ಸೇರಿಸಿದರೆ ತಿದ್ದಲ್ಪಟ್ಟ ಸಾಲುಗಳು ಫಲಿತಾಂಶವಾಗಿ ಮರಳುತ್ತವೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2005ರ ಆವೃತ್ತಿಯಿಂದ ‘ಔಟ್‌ಪುಟ್’ ಎಂಬ ಪದ ಇದೇ ಕೆಲಸ ಮಾಡುತ್ತದೆ. ಆದರೆ ‘ರಿಟರ್ನಿಂಗ್ ಡಿಸ್ಟಿಂಕ್ಟ್’ ಎಂಬ ಪ್ರಯೋಗ ಪೋಸ್ಟ್‌ಗ್ರೆಸ್‌ನ ವ್ಯಾಕರಣದಲ್ಲಿ ಇಲ್ಲ. ತಿದ್ದಿದ ಸಾಲು ಏಳಾದರೆ ಮರಳುವ ಸಾಲೂ ಏಳೇ.

2011ರ 9.1ನೆಯ ಆವೃತ್ತಿಯಿಂದ ಇದಕ್ಕೊಂದು ದಾರಿ ತೆರೆಯಿತು. ತಿದ್ದುವ ಆಜ್ಞೆಯನ್ನು ‘ವಿತ್’ ಎಂಬ ಪದದ ಮೂಲಕ ಒಂದು ತಾತ್ಕಾಲಿಕ ಹೆಸರಿನೊಳಗೆ ಇರಿಸಿ, ಅದು ಹಿಂತಿರುಗಿಸಿದ ಸಾಲುಗಳಿಂದ ಪುನರುಕ್ತಿಯನ್ನು ಕಳೆದು ಓದಬಹುದು. ಗಣಕದಲ್ಲಿ ಈ ಆಜ್ಞಾಪದಗಳನ್ನು ರೋಮನ್ ಅಕ್ಷರಗಳಲ್ಲಿ ಕೊಡಬೇಕಾಗುತ್ತದೆ. ಇಲ್ಲಿ ರಚನೆ ತಿಳಿಯುವುದಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ:

ವಿತ್ ತಿದ್ದಿದವು ಆಸ್ (
ಅಪ್‌ಡೇಟ್ ಸ್ಥಳಗಳು ಸೆಟ್ ಗ್ರಾಮ = ‘ಮರ್ಕಂಜ’
ರಿಟರ್ನಿಂಗ್ ಸ್ಥಳ
)
ಸೆಲೆಕ್ಟ್ ಡಿಸ್ಟಿಂಕ್ಟ್ ಸ್ಥಳ ಫ್ರಮ್ ತಿದ್ದಿದವು

ಆವರಣದ ಒಳಗಿನ ಭಾಗ ತಿದ್ದುತ್ತದೆ, ಹೊರಗಿನ ಭಾಗ ಓದುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊರಗಿನ ಭಾಗದಲ್ಲಿ ‘ತಿದ್ದಿದವು’ ಎಂಬುದರ ಬದಲು ಮೂಲ ಕೋಷ್ಟಕವಾದ ‘ಸ್ಥಳಗಳು’ ಎಂಬುದನ್ನೇ ಓದಿದರೆ ತಿದ್ದುಪಡಿಗೆ ಮುಂಚಿನ ಸ್ಥಿತಿ ಕಾಣಿಸುತ್ತದೆ. ಒಂದೇ ಆಜ್ಞೆಯ ಎರಡೂ ಭಾಗಗಳು ಕೋಷ್ಟಕದ ಒಂದೇ ಕ್ಷಣದ ಚಿತ್ರವನ್ನು ನೋಡುವುದೇ ಇದಕ್ಕೆ ಕಾರಣ. ತಿದ್ದುಪಡಿಯ ಫಲವನ್ನು ಮರಳಿದ ಸಾಲುಗಳಿಂದಲೇ ಪಡೆಯಬೇಕು.

4. ಒಂದು ಕಲ್ಪಿತ ಕೋಷ್ಟಕ

ಸಮಸ್ಯೆಯನ್ನು ಸ್ಪಷ್ಟಪಡಿಸಲು ಏಳು ಸಾಲುಗಳ ಕೋಷ್ಟಕವೊಂದನ್ನು ಕಲ್ಪಿಸಿಕೊಳ್ಳಬಹುದು. ಇದರಲ್ಲಿ ಬಳಸಿದ ನೆಲೆಯ ಹೆಸರುಗಳು ಈ ಪ್ರದೇಶದ ಸ್ಥಳನಾಮಗಳಲ್ಲಿ ಸಾಮಾನ್ಯವಾಗಿ ಕಾಣುವ ಘಟಕಗಳಿಂದ ಆದವು. ತುಳುವಿನಲ್ಲಿ ‘ಮಿತ್ತ’ ಎಂದರೆ ಮೇಲಿನ, ‘ಅಡ್ಕ’ ಎಂದರೆ ಸಾಗುವಳಿಯಿಲ್ಲದ ಸಮತಟ್ಟು ನೆಲ. ಬೈಲು ಎಂಬುದು ಕನ್ನಡದ ಬಯಲು. ಸಾಲುಗಳು ದಾಖಲೆಯಿಂದ ಎತ್ತಿದವುಗಳಲ್ಲ.

1. ಮರ್ಕಂಜ – ಮಿತ್ತಡ್ಕ – ತೋಟ
2. ಮರ್ಕಂಜ – ಮಿತ್ತಡ್ಕ – ಗದ್ದೆ
3. ಮರ‍್ಕಂಜ – ಮಿತ್ತಡ್ಕ – ಗುಡ್ಡ
4. ಮರ್ಕಂಜ – ಮಿತ್ತ ಅಡ್ಕ – ತೋಟ
5. ಮರ್ಕಂಜ – ಬೈಲು – ಗದ್ದೆ
6. ಮರ‍್ಕಂಜ – ಬಯಲು – ಗದ್ದೆ
7. ಮರ್ಕಞ್ಜ – ಬೈಲು – ತೋಟ

ಗ್ರಾಮದ ಹೆಸರನ್ನು ಏಕರೂಪಗೊಳಿಸಬೇಕೆಂದು ಸಂಶೋಧಕನು ಮೇಲಿನ ಆಜ್ಞೆಯನ್ನು ಕೊಟ್ಟನೆಂದು ಭಾವಿಸೋಣ. ಆ ಆಜ್ಞೆಯಲ್ಲಿ ಯಾವ ಸಾಲನ್ನು ತಿದ್ದಬೇಕೆಂಬ ನಿಬಂಧನೆ ಇಲ್ಲ. ಆದ್ದರಿಂದ ಏಳೂ ಸಾಲುಗಳು ತಿದ್ದಲ್ಪಟ್ಟವೆಂದು ಲೆಕ್ಕವಾಗುತ್ತದೆ. 1, 2, 4, 5ನೆಯ ಸಾಲುಗಳಲ್ಲಿ ಮೊದಲೇ ‘ಮರ್ಕಂಜ’ ಎಂದಿದ್ದರೂ ಅವೂ ಮರಳುತ್ತವೆ. ಹಳೆಯ ಬೆಲೆಯೂ ಹೊಸ ಬೆಲೆಯೂ ಒಂದೇ ಆಗಿದ್ದರೆ ಅದು ಬದಲಾವಣೆಯಲ್ಲ ಎಂಬ ವಿವೇಕ ಯಂತ್ರಕ್ಕಿಲ್ಲ. ಗ್ರಾಮದ ಹೆಸರು ಹೊಸ ಹೆಸರಿಗಿಂತ ಭಿನ್ನವಾಗಿರುವ ಸಾಲುಗಳನ್ನು ಮಾತ್ರ ತಿದ್ದು ಎಂಬ ನಿಬಂಧನೆಯನ್ನು ‘ವೇರ್’ ಎಂಬ ಪದದೊಂದಿಗೆ ಸೇರಿಸಿದಾಗ 3, 6, 7ನೆಯ ಸಾಲುಗಳು ಮಾತ್ರ ಮರಳುತ್ತವೆ.

ಈಗ ‘ಅನನ್ಯ ಸಾಲುಗಳೆಷ್ಟು?’ ಎಂದು ಕೇಳಿದರೆ ಉತ್ತರಗಳು ಹೀಗಿವೆ. ನಿಬಂಧನೆಯಿಲ್ಲದೆ ತಿದ್ದಿ, ಇಡೀ ಸಾಲನ್ನು ಮಾನದಂಡವಾಗಿಟ್ಟರೆ ಏಳು. ನೆಲೆಯ ಹೆಸರನ್ನು ಮಾನದಂಡವಾಗಿಟ್ಟರೆ ಮಿತ್ತಡ್ಕ, ಮಿತ್ತ ಅಡ್ಕ, ಬೈಲು, ಬಯಲು ಎಂದು ನಾಲ್ಕು. ನಿಬಂಧನೆಯೊಡನೆ ತಿದ್ದಿ ನೆಲೆಯ ಹೆಸರನ್ನು ಕೇಳಿದರೆ ಮಿತ್ತಡ್ಕ, ಬಯಲು, ಬೈಲು ಎಂದು ಮೂರು. ತಿದ್ದುವ ಮುನ್ನ ಇದ್ದ ತಪ್ಪು ರೂಪಗಳನ್ನು ಎಣಿಸಿದರೆ ಎರಡು. ತಿದ್ದಿದ ಬಳಿಕದ ಗ್ರಾಮನಾಮವನ್ನು ಕೇಳಿದರೆ ಒಂದೇ. ಹೀಗೆ ಒಂದೇ ಕೋಷ್ಟಕ, ಒಂದೇ ಉದ್ದೇಶದ ತಿದ್ದುಪಡಿಯಿಂದ 7, 4, 3, 2, 1 ಎಂಬ ಐದು ಉತ್ತರಗಳು ಬರುತ್ತವೆ. ಯಂತ್ರದ ದೃಷ್ಟಿಯಲ್ಲಿ ಐದೂ ಸರಿ. ಸಂಶೋಧನ ಪ್ರಬಂಧವೊಂದರಲ್ಲಿ ‘ಗ್ರಾಮದ ಇಷ್ಟು ನೆಲೆಗಳ ದಾಖಲೆಯನ್ನು ಪರಿಷ್ಕರಿಸಲಾಗಿದೆ’ ಎಂದು ಬರೆಯುವಾಗ ಇವುಗಳಲ್ಲಿ ಯಾವುದನ್ನು ಬರೆಯಬೇಕೆಂಬುದನ್ನು ಯಂತ್ರ ಹೇಳಲಾರದು.

ಖಾಲಿ ಬಿಟ್ಟ ಅಂಕಣಗಳು ಇನ್ನೊಂದು ತೊಡಕನ್ನು ತರುತ್ತವೆ. ನೆಲೆಯ ಹೆಸರು ಗೊತ್ತಾಗದೆ ಎರಡು ಸಾಲುಗಳಲ್ಲಿ ಅದನ್ನು ಖಾಲಿ ಬಿಟ್ಟಿದ್ದರೆ ‘ಡಿಸ್ಟಿಂಕ್ಟ್’ ಆ ಎರಡು ಖಾಲಿಗಳನ್ನೂ ಒಂದೆಂದು ಎಣಿಸುತ್ತದೆ. ಆದರೆ ಅದೇ ತಂತ್ರಾಂಶದ ‘ಯೂನಿಕ್’ ಎಂಬ ನಿರ್ಬಂಧ ಸಾಮಾನ್ಯವಾಗಿ ಎರಡು ಖಾಲಿಗಳನ್ನು ಬೇರೆ ಬೇರೆ ಎಂದೇ ಪರಿಗಣಿಸುತ್ತದೆ. ಗೊತ್ತಿಲ್ಲದ ಎರಡು ಹೆಸರುಗಳು ಒಂದೇ ಆಗಿರಬಹುದು, ಬೇರೆಯೂ ಆಗಿರಬಹುದು. ಅಜ್ಞಾತಕರ್ತೃಕವಾದ ಎರಡು ಕೃತಿಗಳನ್ನು ಒಬ್ಬನೇ ಕವಿಯ ಕೃತಿಗಳೆಂದು ಯಾವ ಚರಿತ್ರಕಾರನೂ ಬರೆಯುವುದಿಲ್ಲ. ಖಾಲಿ ಸಾಲುಗಳ ವಿಷಯದಲ್ಲಿಯೂ ಅದೇ ಸಂಯಮ ಬೇಕು.

5. ಕಣ್ಣಿಗೆ ಒಂದು, ಯಂತ್ರಕ್ಕೆ ಹಲವು

ಮೇಲಿನ ಕೋಷ್ಟಕದ ಗ್ರಾಮನಾಮದ ಮೂರು ರೂಪಗಳನ್ನು ಹತ್ತಿರದಿಂದ ನೋಡಬೇಕು. ಯೂನಿಕೋಡ್ ವ್ಯವಸ್ಥೆಯಲ್ಲಿ ‘ಮರ್ಕಂಜ’ ಎಂಬುದು ಮ, ರ, ವಿರಾಮ, ಕ, ಅನುಸ್ವಾರ, ಜ ಎಂಬ ಆರು ಸಂಕೇತಗಳ ಸರಣಿ. ‘ಮರ‍್ಕಂಜ’ ಎಂದು ರಕಾರವನ್ನು ಪೂರ್ಣವಾಗಿ ಬರೆದು ಕಕಾರವನ್ನು ಒತ್ತಾಗಿ ಕೊಡಬೇಕಾದರೆ ರಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಸೇರುತ್ತದೆ. ಆಗ ಸಂಕೇತಗಳು ಏಳು. ‘ಮರ್ಕಞ್ಜ’ ಎಂದು ಅನುನಾಸಿಕವನ್ನು ಬಿಡಿಸಿ ಬರೆದರೆ ಆಗಲೂ ಏಳು, ಆದರೆ ಬೇರೆಯ ಏಳು. ಕನ್ನಡ ಓದುಗನಿಗೆ ಮೂರೂ ಒಂದೇ ಪದ. ಯಂತ್ರಕ್ಕೆ ಮೂರು ಬೇರೆ ಬೇರೆ ಸರಣಿಗಳು.

ದ್ವಿಭಾಗೀಯ ಸ್ವರಚಿಹ್ನೆಗಳಲ್ಲಿ ಈ ಭೇದ ಕಣ್ಣಿಗೂ ಕಾಣುವುದಿಲ್ಲ. ಸುಳ್ಯ ತಾಲೂಕಿನ ಇನ್ನೊಂದು ಗ್ರಾಮವಾದ ತೊಡಿಕಾನದ ಮೊದಲ ಅಕ್ಷರವನ್ನು ಗಮನಿಸಬಹುದು. ಅದರ ಒಕಾರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ದಾಖಲಿಸಬಹುದು, ಎಕಾರಚಿಹ್ನೆ ಮತ್ತು ಊಕಾರಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ದಾಖಲಿಸಬಹುದು. ತೆರೆಯ ಮೇಲೆ ಎರಡಕ್ಕೂ ಒಂದೇ ರೂಪ. ಈ ಬಗೆಯ ಭೇದಗಳಿಗೆ ಯೂನಿಕೋಡ್ ತಾನೇ ಪರಿಹಾರ ಒದಗಿಸಿದೆ. ‘ನಾರ್ಮಲೈಸೇಶನ್’ ಎಂಬ ಏಕರೂಪೀಕರಣ ಕ್ರಿಯೆ ಎರಡನ್ನೂ ಒಂದೇ ಸಂಕೇತಕ್ಕೆ ತರುತ್ತದೆ. ಆದರೆ ಅದರ ವ್ಯಾಪ್ತಿ ಸೀಮಿತ. ಸಾಮಾನ್ಯ ಏಕರೂಪೀಕರಣ ಅರ್ಕಾವೊತ್ತಿನ ಕಾಣದ ಜೋಡಕವನ್ನು ತೆಗೆಯುವುದಿಲ್ಲ. ಅನುಸ್ವಾರವನ್ನೂ ಞಕಾರವನ್ನೂ ಒಂದಾಗಿಸುವುದಿಲ್ಲ. ಆ ಸಮೀಕರಣಗಳನ್ನು ಕನ್ನಡ ಬಲ್ಲವರೇ ನಿಯಮಗಳಾಗಿ ಬರೆದುಕೊಡಬೇಕು.

ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಸಾಮಗ್ರಿ ವಿಭಾಗಗಳಲ್ಲಿ ಇಂದಿಗೂ ಹೇರಳವಾಗಿದೆ. ಆ ವಿನ್ಯಾಸಗಳಲ್ಲಿ ಅರ್ಕಾವೊತ್ತು ಕಾಣುವ ಕ್ರಮದಲ್ಲಿಯೇ, ಅಂದರೆ ಮುಂದಿನ ವ್ಯಂಜನದ ಬಳಿಕ, ದಾಖಲಾಗುತ್ತಿತ್ತು. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರುತ್ತದೆ. ಪರಿವರ್ತನೆಯ ವೇಳೆ ಅರ್ಕಾವೊತ್ತಿರುವ ಪದಗಳಲ್ಲಿ ದೋಷ ನುಸುಳುವುದಕ್ಕೆ ಈ ಕ್ರಮಭೇದ ಒಂದು ಕಾರಣ.

ಸಂಕೇತವ್ಯವಸ್ಥೆಯಲ್ಲಿ ಹಳೆಯದನ್ನು ಅಳಿಸದೆ ತಿದ್ದುವುದು ಹೇಗೆ ಎಂಬುದಕ್ಕೆ ಯೂನಿಕೋಡ್‌ನಲ್ಲಿಯೇ ಕನ್ನಡದ ನಿದರ್ಶನವೊಂದಿದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಆ ಕೋಷ್ಟಕದಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್‌ನ ನಿಯಮ. ಆದ್ದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯನಾಮವಾಗಿ ಸೇರಿಸಲಾಯಿತು.

6. ಹೆಸರು ಒಂದು, ವಸ್ತು ಹಲವು

ಇದುವರೆಗೆ ಚರ್ಚಿಸಿದ್ದು ಒಂದೇ ವಸ್ತುವಿಗೆ ಹಲವು ರೂಪಗಳಿರುವ ಸಮಸ್ಯೆ. ಇದರ ಮತ್ತೊಂದು ಮುಖ ಹೆಚ್ಚು ಅಪಾಯಕರ. ರೂಪಗಳು ಒಂದೇ ಆಗಿದ್ದು ವಸ್ತುಗಳು ಬೇರೆಯಾಗಿರಬಹುದು. ಸುಳ್ಯಕ್ಕೆ ತಾಗಿರುವ ಕೊಡಗಿನ ಪೆರಾಜೆ ಒಂದು ಗ್ರಾಮ, ಬಂಟ್ವಾಳ ತಾಲೂಕಿನ ಪೆರಾಜೆ ಇನ್ನೊಂದು. ಹೆಸರಿನ ಅಂಕಣವನ್ನು ಮಾತ್ರ ನೋಡಿ ಅನನ್ಯ ಪಟ್ಟಿ ಕೇಳಿದರೆ ಎರಡು ಗ್ರಾಮಗಳು ಒಂದಾಗುತ್ತವೆ.

ವ್ಯಕ್ತಿನಾಮಗಳಲ್ಲಿಯೂ ಹೀಗೆಯೇ. 1837ರ ಅಮರಸುಳ್ಯದ ಬಂಡಾಯ ದಕ್ಷಿಣ ಕನ್ನಡದ ಜನರ ನೆನಪಿನಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಉಳಿದಿದೆ. ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಆ ಬಂಡಾಯದ ಮುಂದಾಳಾಗಿ ನಿಂತವನು ಪುಟ್ಟಬಸಪ್ಪ. ಆ ಹೆಸರನ್ನು ಮೊದಲು ಹೊತ್ತವನು ಬೇರೊಬ್ಬ. ಬಂಡಾಯದ ಕಾಗದಪತ್ರಗಳ ಸೂಚಿಯೊಂದನ್ನು ದತ್ತಸಂಚಯವಾಗಿ ರೂಪಿಸುವವರು ‘ಕಲ್ಯಾಣಪ್ಪ’ ಮತ್ತು ‘ಕಲ್ಯಾಣಸ್ವಾಮಿ’ ಎಂಬ ಎರಡು ರೂಪಗಳನ್ನು ಒಂದಾಗಿಸುವುದರ ಜೊತೆಗೆ ‘ಕಲ್ಯಾಣಸ್ವಾಮಿ’ ಎಂಬ ಒಂದೇ ರೂಪವನ್ನು ಇಬ್ಬರಾಗಿ ಬಿಡಿಸಬೇಕಾಗುತ್ತದೆ. ಹೆಸರಿನ ಮೇಲೆ ಮಾತ್ರ ನಿಂತ ಅನನ್ಯತೆ ಈ ಎರಡು ಕೆಲಸಗಳಲ್ಲಿ ಒಂದನ್ನೂ ಮಾಡಲಾರದು.

ಮರಳಿ ಕೋಷ್ಟಕಕ್ಕೆ ಬರುವುದಾದರೆ, ಕ್ಷೇತ್ರಕಾರ್ಯದಿಂದ ಹೀಗೆ ತಿಳಿದುಬಂದಿದೆ ಎಂದು ಭಾವಿಸೋಣ: 1ರಿಂದ 4ರವರೆಗಿನ ಸಾಲುಗಳು ಒಂದೇ ನೆಲೆಗೆ ಸೇರಿದವು. 5 ಮತ್ತು 6 ಇನ್ನೊಂದು ನೆಲೆಗೆ ಸೇರಿದವು. 7ನೆಯ ಸಾಲಿನ ‘ಬೈಲು’ ಗ್ರಾಮದ ಮತ್ತೊಂದು ಮಗ್ಗುಲಲ್ಲಿರುವ ಬೇರೆಯದೇ ನೆಲೆ. ಆಗ ನಿಜವಾದ ನೆಲೆಗಳು ಮೂರು. ಹೆಸರಿನ ರೂಪಗಳನ್ನು ಎಣಿಸಿದರೆ ನಾಲ್ಕು, ರೂಪಗಳನ್ನು ಏಕೀಕರಿಸಿ ಎಣಿಸಿದರೆ ಮಿತ್ತಡ್ಕ ಮತ್ತು ಬೈಲು ಎಂದು ಎರಡು. ಏಕೀಕರಣದ ಮೊದಲಿನ ಎಣಿಕೆಯೂ ಅನಂತರದ ಎಣಿಕೆಯೂ ತಪ್ಪು. ನಿಬಂಧನೆಯೊಡನೆ ತಿದ್ದಿದಾಗ ದೊರೆತ ‘ಮೂರು’ ಎಂಬ ಉತ್ತರ ಸರಿಯಾಗಿ ಕಂಡರೂ ಅದು ಆಕಸ್ಮಿಕ. ಬಯಲು ಮತ್ತು ಬೈಲು ಎಂಬ ಕಾಗುಣಿತದ ಭೇದದಿಂದಾಗಿ ಅಲ್ಲಿ ಎರಡು ನೆಲೆಗಳು ಬೇರೆಯಾಗಿ ಉಳಿದಿದ್ದವು. ಸಂಖ್ಯೆ ಸರಿ, ಆಧಾರ ತಪ್ಪು. ಇಂತಹ ಉತ್ತರಗಳೇ ಹೆಚ್ಚು ಮೋಸಗೊಳಿಸುತ್ತವೆ.

ಪರಿಹಾರವೆಂದರೆ ಹೆಸರಿನಿಂದ ಸ್ವತಂತ್ರವಾದ ಒಂದು ಸ್ಥಳಸಂಕೇತವನ್ನು ಪ್ರತಿ ನೆಲೆಗೂ ಕೊಡುವುದು. ಆಗ ಆಜ್ಞೆ ಹಿಂತಿರುಗಿಸಬೇಕಾದುದು ಹೆಸರನ್ನಲ್ಲ, ಸ್ಥಳಸಂಕೇತವನ್ನು. ‘ರಿಟರ್ನಿಂಗ್ ಸ್ಥಳಸಂಕೇತ’ ಎಂದು ಪಡೆದು, ಹೊರಗೆ ‘ಸೆಲೆಕ್ಟ್ ಡಿಸ್ಟಿಂಕ್ಟ್ ಸ್ಥಳಸಂಕೇತ’ ಎಂದು ಓದಿದರೆ ಕಾಗುಣಿತ ಏನೇ ಇದ್ದರೂ ನೆಲೆಗಳ ಪಟ್ಟಿ ಸರಿಯಾಗಿಯೇ ದೊರೆಯುತ್ತದೆ. ಆದರೆ ಆ ಸಂಕೇತವನ್ನು ಯಾವ ಸಾಲಿಗೆ ಕೊಡಬೇಕೆಂಬುದನ್ನು ಊರಿನಲ್ಲಿ ನಡೆದು, ಕೇಳಿ, ಗಡಿ ನೋಡಿದವರೇ ನಿರ್ಧರಿಸಬೇಕು. ಅನನ್ಯತೆಯ ಮೂಲ ಕ್ಷೇತ್ರಕಾರ್ಯದಲ್ಲಿದೆ. ಆಜ್ಞೆ ಅದನ್ನು ವರದಿ ಮಾಡುತ್ತದೆ, ಅಷ್ಟೆ.

7. ಪರಿಷ್ಕರಣವೆಂದರೆ ಅಳಿಸುವುದಲ್ಲ

ವೈವಿಧ್ಯವನ್ನು ಒಂದಾಗಿಸುವುದು ಎಣಿಕೆಗೆ ಅಗತ್ಯ. ಆದರೆ ಭಾಷಾಧ್ಯಯನಕ್ಕೆ ವೈವಿಧ್ಯವೇ ಸಾಮಗ್ರಿ. ತುಳುವಿನ ಪದಾಂತ್ಯದ ಅರೆ ಉಕಾರವನ್ನು ಕನ್ನಡ ಲಿಪಿಯಲ್ಲಿ ಕೆಲವರು ವ್ಯಂಜನಾಂತವಾಗಿಯೂ ಕೆಲವರು ಉಕಾರಾಂತವಾಗಿಯೂ ಬರೆಯುತ್ತಾರೆ. ಶಾಸನಗಳಲ್ಲಿ ರೇಫದ ಮುಂದಿನ ವ್ಯಂಜನ ಇಮ್ಮಡಿಸಿ ‘ಧರ್ಮ್ಮ’, ‘ಸರ್ವ್ವ’ ಎಂಬಂತಹ ರೂಪಗಳು ಬರುತ್ತವೆ. ಇವನ್ನೆಲ್ಲ ಒಂದೇ ಆಜ್ಞೆಯಿಂದ ಇಂದಿನ ಶಿಷ್ಟರೂಪಕ್ಕೆ ತಿದ್ದಿದರೆ ಉಚ್ಚಾರಣೆಯ, ಲಿಪಿಕಾರನ ರೂಢಿಯ, ಕಾಲದ ಸಾಕ್ಷ್ಯಗಳು ಒಮ್ಮೆಗೇ ಅಳಿಯುತ್ತವೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಪ್ರಕಟವಾದ ತುಳು ನಿಘಂಟು ಈ ವಿಷಯದಲ್ಲಿ ಮಾದರಿ. ಅಲ್ಲಿ ಮುಖ್ಯ ಉಲ್ಲೇಖ ಒಂದೇ. ಅದರ ಕೆಳಗೆ ಪ್ರಾದೇಶಿಕ ಮತ್ತು ಸಾಮಾಜಿಕ ರೂಪಭೇದಗಳು ಉಳಿದುಕೊಂಡಿವೆ. ಅನನ್ಯತೆ ಉಲ್ಲೇಖದ ಮಟ್ಟದಲ್ಲಿದ್ದರೆ, ವೈವಿಧ್ಯ ಅದರ ಒಳಗಿದೆ.

ಡಿ. ಎಲ್. ನರಸಿಂಹಾಚಾರ್, ಎಂ. ಎಂ. ಕಲಬುರ್ಗಿ ಮೊದಲಾದವರು ಕನ್ನಡದಲ್ಲಿ ಶಾಸ್ತ್ರವಾಗಿ ಬೆಳೆಸಿದ ಗ್ರಂಥಸಂಪಾದನೆಯ ತಿರುಳೂ ಇದೇ. ಸಂಪಾದಕನು ಒಂದು ಪಾಠವನ್ನು ಅಂಗೀಕರಿಸುತ್ತಾನೆ, ಉಳಿದವನ್ನು ಅಡಿಯಲ್ಲಿ ಪಾಠಾಂತರಗಳಾಗಿ ಕೊಡುತ್ತಾನೆ. ಅಂಗೀಕೃತ ಪಾಠವನ್ನು ಮಾತ್ರ ಉಳಿಸಿ ಉಳಿದವನ್ನು ಸುಟ್ಟುಹಾಕುವ ಸಂಪಾದಕನನ್ನು ಯಾರೂ ಒಪ್ಪುವುದಿಲ್ಲ. ಪಾಠಾಂತರವನ್ನು ಉಳಿಸದ ಪರಿಷ್ಕರಣಾಜ್ಞೆ ನಿಖರವಾಗಿ ಅದನ್ನೇ ಮಾಡುತ್ತದೆ.

ಆಡಳಿತದಲ್ಲಿಯೂ ಇದೇ ವಿವೇಕ ಕಾಣುತ್ತದೆ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಪಹಣಿಯಲ್ಲಿ ಸ್ವಾಧೀನದಾರನ ಹೆಸರು ಬದಲಾಗಬೇಕಾದರೆ ಅದು ಹಕ್ಕು ಬದಲಾವಣೆಯ ಕ್ರಮದ ಮೂಲಕವೇ ಆಗಬೇಕು. ಆ ಬದಲಾವಣೆಗೆ ಒಂದು ಸಂಖ್ಯೆಯಿರುತ್ತದೆ, ಕಾರಣವಿರುತ್ತದೆ. ಆ ಸಂಖ್ಯೆ ಪಹಣಿಯಲ್ಲಿಯೂ ನಮೂದಾಗುತ್ತದೆ. ಕ್ರಯ, ಪಾಲುಪಟ್ಟಿ, ಪೌತಿ ಎಂಬ ಕಾರಣಗಳ ಜಾಡು ಹಿಡಿದು ಹಿಂದಕ್ಕೆ ಹೋಗಲು ಸಾಧ್ಯವಾಗುವುದು ಇದರಿಂದಲೇ. ಹೆಸರಿನ ಒಂದು ಅಕ್ಷರದ ಮೇಲೆ ಬ್ಯಾಂಕಿನ ಸಾಲವೋ ಬೆಳೆ ಪರಿಹಾರವೋ ನಿಲ್ಲಬಹುದಾದ ರೈತನಿಗೆ ಈ ಜಾಡು ಬರಿಯ ತಾಂತ್ರಿಕ ವಿವರವಲ್ಲ. ಸಂಶೋಧಕನ ದತ್ತಸಂಚಯದಲ್ಲಿಯೂ ಪ್ರತಿ ಪರಿಷ್ಕರಣಕ್ಕೆ ಇಂತಹ ಒಂದು ವಹಿ ಇರಬೇಕು.

ಇದಕ್ಕೆ ಮೇಲೆ ವಿವರಿಸಿದ ತಂತ್ರವೇ ಸಾಧನವಾಗುತ್ತದೆ. ತಿದ್ದುವ ಆಜ್ಞೆ ಹಿಂತಿರುಗಿಸಿದ ಸಾಲುಗಳನ್ನು ಓದಿ ಬಿಟ್ಟುಬಿಡುವ ಬದಲು ಬೇರೊಂದು ಕೋಷ್ಟಕದಲ್ಲಿ ಸೇರಿಸಿಡಬಹುದು. ಮೊದಲಿನ ಆವೃತ್ತಿಗಳಲ್ಲಿ ಪೋಸ್ಟ್‌ಗ್ರೆಸ್ ತಿದ್ದಿದ ಬಳಿಕದ ಬೆಲೆಗಳನ್ನು ಮಾತ್ರ ಹಿಂತಿರುಗಿಸುತ್ತಿತ್ತು. ಹಳೆಯ ಬೆಲೆ ಬೇಕಾದರೆ ಅದನ್ನು ಬೇರೆ ದಾರಿಯಿಂದ ಮೊದಲೇ ಪಡೆದಿಡಬೇಕಾಗಿತ್ತು. 2025ರಲ್ಲಿ ಬಿಡುಗಡೆಯಾದ 18ನೆಯ ಆವೃತ್ತಿಯಲ್ಲಿ ‘ಓಲ್ಡ್’ ಮತ್ತು ‘ನ್ಯೂ’ ಎಂಬ ಪದಗಳ ಮೂಲಕ ಹಳೆಯ ಮತ್ತು ಹೊಸ ಬೆಲೆಗಳೆರಡನ್ನೂ ಒಟ್ಟಿಗೆ ಪಡೆಯಬಹುದು. ಗೆರೆ ಹೊಡೆದ ಚೀಟಿಗೆ ಸಮಾನವಾದ ಸೌಲಭ್ಯ ಇದು.

ತಿದ್ದುಪಡಿಯ ಸೂಚಿಯಿಂದ ಬರಬಹುದಾದ ಇನ್ನೊಂದು ಅಪಾಯವನ್ನು ಇಲ್ಲಿ ಹೇಳಬೇಕು. ‘ಈ ರೂಪಕ್ಕೆ ಈ ಶಿಷ್ಟರೂಪ’ ಎಂಬ ಜೋಡಿಗಳ ಪಟ್ಟಿಯನ್ನು ಮಾಡಿಕೊಂಡು ಅದರ ಆಧಾರದಿಂದ ಮುಖ್ಯ ಕೋಷ್ಟಕವನ್ನು ತಿದ್ದುವುದು ರೂಢಿ. ಆ ಪಟ್ಟಿಯಲ್ಲಿ ‘ಬೈಲು’ ಎಂಬುದಕ್ಕೆ ಒಂದೆಡೆ ‘ಬಯಲು’ ಎಂದೂ ಇನ್ನೊಂದೆಡೆ ‘ಬೈಲ್’ ಎಂದೂ ಬರೆದಿದ್ದರೆ ಪೋಸ್ಟ್‌ಗ್ರೆಸ್ ದೋಷವನ್ನು ತೋರಿಸದೆ ಎರಡರಲ್ಲಿ ಒಂದನ್ನು ಬಳಸುತ್ತದೆ. ಯಾವುದನ್ನು ಬಳಸುತ್ತದೆಂದು ಮೊದಲೇ ಹೇಳಲಾಗದು. ಮರಳುವ ಸಾಲೂ ಒಂದೇ ಆದ್ದರಿಂದ ಎಲ್ಲವೂ ಸರಿಯಾಗಿದೆಯೆಂದು ತೋರುತ್ತದೆ. ಆದುದರಿಂದ ಮುಖ್ಯ ಕೋಷ್ಟಕಕ್ಕಿಂತ ಮೊದಲು ಸೂಚಿಯಲ್ಲಿಯೇ ಅನನ್ಯತೆಯನ್ನು ಪರೀಕ್ಷಿಸಬೇಕು.

8. ಸಮಾರೋಪ

ಮೇಲಿನ ವಿವೇಚನೆಯಿಂದ ದತ್ತಸಂಚಯವನ್ನು ರೂಪಿಸುವ ಕನ್ನಡ ಸಂಶೋಧಕರು ಪಾಲಿಸಬಹುದಾದ ಕ್ರಮವೊಂದನ್ನು ಸೂಚಿಸಬಹುದು. ಕ್ಷೇತ್ರದಲ್ಲಿ ಕೇಳಿದ ಅಥವಾ ದಾಖಲೆಯಲ್ಲಿ ಕಂಡ ರೂಪಕ್ಕೆ ಒಂದು ಅಂಕಣ, ಶಿಷ್ಟರೂಪಕ್ಕೆ ಇನ್ನೊಂದು ಅಂಕಣ, ವಸ್ತುವಿನ ಸಂಕೇತಕ್ಕೆ ಮತ್ತೊಂದು ಅಂಕಣ ಇರಬೇಕು. ಮೊದಲನೆಯದನ್ನು ಎಂದಿಗೂ ತಿದ್ದಬಾರದು. ಪರಿಷ್ಕರಣ ಎರಡನೆಯದರಲ್ಲಿ ಮಾತ್ರ ನಡೆಯಬೇಕು. ಅನನ್ಯತೆಯನ್ನು ಮೂರನೆಯದರ ಆಧಾರದಿಂದ ಕೇಳಬೇಕು. ನಿಜವಾಗಿ ಭಿನ್ನವಾಗಿರುವ ಸಾಲುಗಳನ್ನು ಮಾತ್ರ ತಿದ್ದಬೇಕು. ತಿದ್ದಿದ ಸಾಲುಗಳನ್ನು ಹಳೆಯ ರೂಪ, ದಿನಾಂಕ, ಕಾರಣಗಳೊಂದಿಗೆ ವಹಿಯಲ್ಲಿ ಉಳಿಸಬೇಕು. ಪ್ರಬಂಧದಲ್ಲಿ ಸಂಖ್ಯೆಯನ್ನು ಕೊಡುವಾಗ ಅದು ರೂಪಗಳ ಸಂಖ್ಯೆಯೋ ನೆಲೆಗಳ ಸಂಖ್ಯೆಯೋ ಸಾಲುಗಳ ಸಂಖ್ಯೆಯೋ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಒಟ್ಟಿನಲ್ಲಿ, ಪುನರುಕ್ತಿಯಿಲ್ಲದ ಪಟ್ಟಿಯನ್ನು ಪಡೆಯುವ ಆಜ್ಞೆ ನಾಲ್ಕೈದು ಸಾಲುಗಳದು. ಅದನ್ನು ಯಾರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಯಾವ ಎರಡು ಸಾಲುಗಳು ಒಂದೇ, ಯಾವುವು ಒಂದೇ ಅಲ್ಲ ಎಂಬ ನಿರ್ಣಯಕ್ಕೆ ಮಾತ್ರ ಲಿಪಿಯ, ಉಪಭಾಷೆಯ, ನೆಲದ ತಿಳಿವಳಿಕೆ ಬೇಕು. ಆ ತಿಳಿವಳಿಕೆ ಕನ್ನಡ ವಿಭಾಗಗಳಲ್ಲಿದೆ. ಅದನ್ನು ತಂತ್ರಜ್ಞರ ಊಹೆಗೆ ಬಿಟ್ಟುಕೊಡದೆ ದತ್ತಸಂಚಯದ ನಿಯಮಗಳಾಗಿ ಬರೆದಿಡುವ ಹೊಣೆಯೂ ಅವುಗಳದೇ.